ಬಿರುಕಿಗೊಂದು ದಿನಚರಿ ಬೇಕು

ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನ ಶಕ ವರ್ಷ 500ರದು. ಈಗಿನ ಲೆಕ್ಕದಲ್ಲಿ ಕ್ರಿ.ಶ. 578. ಅಂದರೆ ಆ ಗುಹೆಯ ಚಾವಣಿ ಹದಿನಾಲ್ಕು ಶತಮಾನಗಳಿಂದ ಗುಡ್ಡದ ಭಾರ ಹೊತ್ತು ನಿಂತಿದೆ. ಒಳಗೆ ನಿಂತು ತಲೆಯೆತ್ತಿ ನೋಡುವವರಿಗೆ ಅದು ಒಂದೇ ಅಖಂಡ ಬಂಡೆ. ಹೊರಗೆ ಬಂದು ಗುಡ್ಡದ ಕಡಿದಾದ ಮೈಯನ್ನು ಗಮನಿಸಿದರೆ ಕಾಣುವುದು ಬೇರೆ: ಅಡ್ಡಡ್ಡ ಹಾಯ್ದ ಪದರದ ಗೆರೆಗಳು, ಅವುಗಳನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸಿದ ನೆಟ್ಟನೆಯ ಸೀಳುಗಳು, ಗುಡ್ಡದ ಬುಡದಲ್ಲಿ ಎಂದೋ ಉರುಳಿ ಬಿದ್ದ ಮನೆಗಾತ್ರದ ಗುಂಡುಗಳು. ಭೂತನಾಥ ಗುಡಿಯ ಆಸುಪಾಸಿನಲ್ಲಿ ಇಂಥ ಗುಂಡುಗಳ ಮೇಲೂ ಶಿಲ್ಪಗಳನ್ನು ಬಿಡಿಸಿದ್ದಾರೆ. ಶಿಲ್ಪಿ ಉಳಿ ಹಿಡಿದು ಬರುವುದಕ್ಕೆ ಮುಂಚೆಯೇ ಆ ಗುಂಡುಗಳು ಬಿದ್ದಿದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೋಟ್ಯಂತರ ವರ್ಷಗಳ ಹಿಂದೆ ನೀರು ಹೊತ್ತು ತಂದ ಮರಳು ಪದರದ ಮೇಲೆ ಪದರವಾಗಿ ಕೂತು, ಕಣಕಣದ ನಡುವೆ ಅಂಟಿನಂತೆ ಸಿಲಿಕಾ ಸೇರಿ ಗಟ್ಟಿಯಾದ ಕಲ್ಲು ಇದು. ಭೂವಿಜ್ಞಾನಿಗಳು ಬಾಗಲಕೋಟೆ ಸೀಮೆಯ ಕಲಾದಗಿ ಊರಿನ ಹೆಸರಿನಿಂದ ಗುರುತಿಸುವ ಶಿಲಾಸಮೂಹದಲ್ಲಿ ಈ ಹಾಸಿಗೆ ಗುಹಾದೇವಾಲಯದ ಮರಳುಗಲ್ಲು ಎಂದೇ ಪ್ರತ್ಯೇಕ ಹೆಸರಿದೆ. ಇಂಥ ಪದರುಗಲ್ಲು ಯಾವಾಗ, ಎಲ್ಲಿ ಬಿರಿಯುತ್ತದೆ ಎಂದು ಮುಂಚಿತವಾಗಿ ಹೇಳಬಹುದೆ?

ಈ ಪ್ರಶ್ನೆ ಬಾದಾಮಿಗೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ರೆಕ್ಕೆಯನ್ನು ಕಟ್ಟುವವರಿಗೂ, ಗದಗದ ಕಡೆಯ ಗಾಳಿಯಂತ್ರದ ರೆಕ್ಕೆಗಳನ್ನು ನೋಡಿಕೊಳ್ಳುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಎರಡು ಅಥವಾ ಹೆಚ್ಚು ವಸ್ತುಗಳು ತಮ್ಮ ತಮ್ಮ ಗುಣ ಕಳೆದುಕೊಳ್ಳದೆ ಒಂದಾಗಿ ಭಾರ ಹೊರುವುದಾದರೆ ಅದನ್ನು ಸಂಯುಕ್ತ ವಸ್ತು, ಕಾಂಪೊಸಿಟ್ ಎನ್ನುತ್ತಾರೆ. ವಿಮಾನದ ರೆಕ್ಕೆಯಲ್ಲಿ ಕಾರ್ಬನ್ ಎಳೆ ಮತ್ತು ಅದನ್ನು ಹಿಡಿದಿಡುವ ರಾಳ. ಗಾಳಿಯಂತ್ರದಲ್ಲಿ ಗಾಜಿನ ಎಳೆ ಮತ್ತು ರಾಳ. ಮನೆಯ ತೊಲೆಯಲ್ಲಿ ಜಲ್ಲಿ, ಸಿಮೆಂಟು, ಕಬ್ಬಿಣ. ಬಾದಾಮಿಯಲ್ಲಿ ಮರಳಿನ ಕಣ ಮತ್ತು ಸಿಲಿಕಾ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ. ಮನುಷ್ಯ ಮಾಡಿದ್ದು, ನಿಸರ್ಗ ಮಾಡಿದ್ದು ಎಂಬ ಭೇದ ಬಿಟ್ಟರೆ ಇವೆಲ್ಲ ಒಂದೇ ಕುಲದವು, ಇವು ಒಡೆಯುವ ರೀತಿಯಲ್ಲೂ ಒಂದೇ ಮನೆತನದ ಚಹರೆ ಕಾಣುತ್ತದೆ. ಇವುಗಳ ಬಾಳಿಕೆಯನ್ನು ನಾವು ಸಾಮಾನ್ಯವಾಗಿ ಒಂದು ಅಂಕಿಯಿಂದ ಅಳೆಯುತ್ತೇವೆ. ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಭಾರ ತಾಳುತ್ತದೆ ಎಂಬ ಪ್ರಮಾಣಪತ್ರ ಸಿಕ್ಕರೆ ನಿಶ್ಚಿಂತೆ. ಆ ಅಂಕಿ ವಿನ್ಯಾಸ ಮಾಡುವವರಿಗೆ ಬೇಕೇ ಬೇಕು. ಆದರೆ ಕಣ್ಣೆದುರು ನಿಂತಿರುವ ಒಂದು ಕಲ್ಲು, ಒಂದು ರೆಕ್ಕೆ, ಒಂದು ತೊಲೆ ಮುರಿಯುತ್ತದೆಯೇ ಎಂದು ತಿಳಿಯಲು ಅದು ಸಾಲದು. ಅದಕ್ಕೆ ಬೇಕಾದದ್ದು ಆ ವಸ್ತುವಿನಲ್ಲಿ ಆಗುತ್ತಿರುವ ಬದಲಾವಣೆಯ ದಾಖಲೆ, ತೇದಿ ಹಾಕಿ ಇಟ್ಟ ದಾಖಲೆ. ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಈ ಮಾತಿಗೆ ತುರ್ತೂ ಇದೆ.

ಅಂಕಿ ಏಕೆ ಸಾಲದು ಎಂಬುದನ್ನು ಇಳಕಲ್ ಕಡೆಯ ಕಲ್ಲುಗಣಿಯಲ್ಲೇ ನೋಡಬಹುದು. ಗ್ರಾನೈಟ್ ಒತ್ತಡಕ್ಕೆ ಎಷ್ಟು ಗಟ್ಟಿ ಎಂದರೆ ಬೆರಳುದ್ದದ ಒಂದು ತುಂಡು ಟನ್ನುಗಟ್ಟಲೆ ಭಾರ ಹೊರುತ್ತದೆ. ಈಗ ವಜ್ರದ ಮಣಿ ಪೋಣಿಸಿದ ತಂತಿಯ ಗರಗಸಗಳು ಬಂದಿವೆ, ನಿಜ. ಆದರೆ ಅದೇ ಕಲ್ಲನ್ನು ಕೈಯಲ್ಲಿ ಸೀಳುವ ಕುಶಲಿಗಳಿಗೆ ಬೇಕಾಗಿದ್ದು ಉಳಿ, ಸುತ್ತಿಗೆ, ಒಂದು ಸಾಲು ಬೆಣೆ. ಅವರು ಮೊದಲು ಕಲ್ಲಿನ ಓಟ ನೋಡುತ್ತಾರೆ. ಗ್ರಾನೈಟಿಗೆ ಪದರವಿಲ್ಲ, ಆದರೂ ಅದು ಒಂದು ದಿಕ್ಕಿನಲ್ಲಿ ಸುಲಭವಾಗಿ, ಇನ್ನೊಂದರಲ್ಲಿ ಕಷ್ಟದಿಂದ, ಮೂರನೆಯದರಲ್ಲಿ ಮೊಂಡಾಗಿ ಸೀಳುತ್ತದೆ. ಸುಲಭದ ದಿಕ್ಕಿನಲ್ಲಿ ಗೆರೆ ಎಳೆದು, ಗೆರೆಯುದ್ದಕ್ಕೂ ಸಮದೂರದಲ್ಲಿ ಕುಳಿ ತೋಡಿ, ಕುಳಿಗೊಂದು ಬೆಣೆ ಕೂರಿಸುತ್ತಾರೆ. ಒಂದೇ ಬೆಣೆಗೆ ಜೋರಾಗಿ ಹೊಡೆಯುವುದಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದಕ್ಕೆ ಒಂದೊಂದು ಪೆಟ್ಟು ಕೊಡುತ್ತ ಹೋಗಿ ಮತ್ತೆ ಮೊದಲಿಗೆ ಬರುತ್ತಾರೆ. ಸುತ್ತು ಸುತ್ತಿಗೂ ಬೆಣೆಯ ನಾದ ಏರುತ್ತದೆ. ಆಮೇಲೆ ಒಂದು ಸುತ್ತಿನಲ್ಲಿ ನಾದ ಕುಸಿದು ಮಂದವಾಗುತ್ತದೆ, ಕುಳಿಯಿಂದ ಕುಳಿಗೆ ಕೂದಲೆಳೆಯಂಥ ಗೆರೆ ಹರಿಯುತ್ತದೆ. ಪಟ್ಟದಕಲ್ಲು, ಐಹೊಳೆಯ ಸುತ್ತಲಿನ ಹಳೆಯ ಕಲ್ಲುಗಣಿಗಳಲ್ಲಿ ಬೆಣೆ ಬಡಿದ ಗುರುತುಗಳು ಇವತ್ತಿಗೂ ಉಳಿದಿವೆ. ಕಲ್ಲು ಎಲ್ಲಿ ಒಡೆಯುತ್ತದೆ ಎಂಬುದನ್ನು ಮುಂಚಿತವಾಗಿ ನಿಶ್ಚಯಿಸಿ, ಒಡೆಯುವ ಗಳಿಗೆಯನ್ನು ಕಿವಿಯಿಂದ ಹಿಡಿಯುವ ವಿದ್ಯೆ ಇದು. ಇದರಲ್ಲಿ ಕಲ್ಲಿನ ಬಲದ ಅಂಕಿಗೆ ಪಾತ್ರವೇ ಇಲ್ಲ. ದೋಷ ಎಲ್ಲಿದೆ, ಯಾವ ದಿಕ್ಕಿಗಿದೆ, ಎಷ್ಟು ಬೆಳೆದಿದೆ ಎಂಬ ಮೂರೇ ಮಾತು.

ಈ ಮೂರು ಮಾತಿಗೆ ಗಣಿತದ ರೂಪ ಬಂದದ್ದು 1921ರಲ್ಲಿ. ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎ.ಎ. ಗ್ರಿಫಿತ್ ಗಾಜಿನ ಎಳೆಗಳನ್ನು ಎಳೆದು ಮುರಿದು ನೋಡಿದರು. ಎಳೆ ತೆಳುವಾದಷ್ಟೂ ಅದರ ಬಲ ಏರುತ್ತಿತ್ತು. ಗಾಜು ಅದೇ, ಆದರೆ ತೆಳುವಾದ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವಿಲ್ಲ. ವಸ್ತು ಮುರಿಯುವುದು ಅದರ ಸರಾಸರಿ ಬಲ ಸಾಲದೆ ಅಲ್ಲ, ಅದರೊಳಗಿನ ಅತಿ ಕೆಟ್ಟ ಬಿರುಕಿನ ತುದಿಯಲ್ಲಿ ಒತ್ತಡ ಮಡುಗಟ್ಟುವುದರಿಂದ ಎಂದು ಅವರು ತೋರಿಸಿದರು. ಲೆಕ್ಕ ಸರಳವಾಗಿದೆ: ಬಿರುಕು ನಾಲ್ಕು ಪಟ್ಟು ಉದ್ದವಾದರೆ ಎಳೆತ ತಾಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಒಂದೇ ಗಣಿಯ ಎರಡು ಚಪ್ಪಡಿಗಳ ಬಲ ಬೇರೆ ಬೇರೆ ಇರುವುದಕ್ಕೆ ಇದೇ ಕಾರಣ. ಪ್ರಯೋಗಾಲಯಕ್ಕೆ ಒಯ್ದ ಮಾದರಿ ತುಂಡಿನಲ್ಲಿ ಇಲ್ಲದ ಬಿರುಕು ಚಾವಣಿಯಲ್ಲಿ ಇದ್ದರೆ ಮಾದರಿಯ ಅಂಕಿ ಆ ಚಾವಣಿಗೆ ಅನ್ವಯಿಸುವುದಿಲ್ಲ.

ಹುನಗುಂದ ತಾಲ್ಲೂಕಿನ ಐಹೊಳೆಯ ಗುಡಿಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದು ಅಂದಕ್ಕಾಗಿ ಮಾತ್ರವಲ್ಲ. ಕಲ್ಲಿಗೆ ಒತ್ತಿದರೆ ತಾಳುವ ಶಕ್ತಿ ಬಹಳ, ಎಳೆದರೆ ತಾಳುವ ಶಕ್ತಿ ಅದರ ಹತ್ತರಲ್ಲೊಂದು ಪಾಲಿನಷ್ಟು. ಎರಡು ಕಂಬದ ಮೇಲೆ ಅಡ್ಡ ಇಟ್ಟ ತೊಲೆ ಒಂಚೂರು ಬಗ್ಗಿದರೂ ಅದರ ಮೇಲ್ಮೈ ಒತ್ತಡದಲ್ಲಿ, ಅಡಿಮೈ ಎಳೆತದಲ್ಲಿ ಇರುತ್ತದೆ. ಮೂವತ್ತು ಸೆಂಟಿಮೀಟರ್ ದಪ್ಪದ ಮರಳುಗಲ್ಲಿನ ತೊಲೆ ಎರಡು ಮೀಟರ್ ಅಂತರಕ್ಕೆ ಹಾಸಿದ್ದರೆ ತನ್ನ ಸ್ವಂತ ಭಾರಕ್ಕೆ ಅದರ ಅಡಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಎಳೆತ ಬೀಳುತ್ತದೆ. ಕಂಬಗಳ ಅಂತರವನ್ನು ನಾಲ್ಕು ಮೀಟರಿಗೆ ಏರಿಸಿದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಚಾಲುಕ್ಯರ ಸ್ಥಪತಿಗಳು ಈ ಸೂತ್ರ ಬರೆದಿಟ್ಟಿರಲಿಕ್ಕಿಲ್ಲ. ಆದರೆ ಅವರ ಕಂಬಗಳ ನಡುವಿನ ಅಂತರ ಈ ಸೂತ್ರವನ್ನು ಮೀರುವುದಿಲ್ಲ. ಒಳ್ಳೆಯ ಮರಳುಗಲ್ಲು ಎರಡೂವರೆ ಕಿಲೋದ ಹತ್ತು ಪಟ್ಟಿಗೂ ಹೆಚ್ಚು ಎಳೆತ ತಾಳುತ್ತದೆ. ಮೇಲಿನ ಚಪ್ಪಡಿಗಳ ಭಾರ ಸೇರಿಸಿದರೂ ಲೆಕ್ಕದ ಪ್ರಕಾರ ಅಪಾಯವಿಲ್ಲ ಎಂದೇ ಬರುತ್ತದೆ.

ಲೆಕ್ಕ ತಪ್ಪಿಸುವುದು ಪದರ. ಮರಳುಗಲ್ಲಿನ ಪದರಕ್ಕೆ ಅಡ್ಡಲಾಗಿ ಎಳೆದರೆ, ಅಂದರೆ ಪದರಗಳನ್ನು ಒಂದರಿಂದೊಂದು ಬಿಡಿಸುವಂತೆ ಎಳೆದರೆ, ಅದು ಬೇಗ ಬಿಡುತ್ತದೆ. ಎರಡು ಹಾಸುಗಳ ನಡುವೆ ತೆಳುವಾದ ಜೇಡಿಯ ಎಳೆ ಇದ್ದರಂತೂ ಇನ್ನೂ ಬೇಗ. ಗುಹೆಯ ಚಾವಣಿಯಲ್ಲಿ ಪದರಗಳು ಮಲಗಿದಂತೆ ಇರುತ್ತವೆ. ಒಂದು ಮೀಟರ್ ದಪ್ಪದ ಹಾಸು ಒಂದೇ ಆಗಿ ಬಗ್ಗುವವರೆಗೆ ಅದರ ಗಟ್ಟಿತನ ಒಂದು ತರಹ. ಅದು ನಟ್ಟನಡುವೆ ಪದರ ಬಿಟ್ಟು ಅರ್ಧರ್ಧ ಮೀಟರಿನ ಎರಡು ಹಾಸಾದ ಗಳಿಗೆಯಿಂದ ಭಾರ ಅಷ್ಟೇ ಇದ್ದರೂ, ಕಲ್ಲು ಅದೇ ಇದ್ದರೂ, ಅಡಿಮೈಯ ಎಳೆತ ಎರಡು ಪಟ್ಟು, ಬಗ್ಗುವ ಪ್ರಮಾಣ ನಾಲ್ಕು ಪಟ್ಟು. ಹೊರಗಿನಿಂದ ನೋಡಿದವರಿಗೆ ಏನೂ ಆಗಿಲ್ಲ. ಒಂದು ಕಣವೂ ಉದುರಿಲ್ಲ. ವಿಮಾನ ತಂತ್ರಜ್ಞರು ಅತಿ ಹೆಚ್ಚು ಭಯಪಡುವುದೂ ಇದಕ್ಕೇ. ಕಾರ್ಬನ್ ಹಾಳೆಗಳನ್ನು ಒಂದರ ಮೇಲೊಂದು ಬೇರೆ ಬೇರೆ ದಿಕ್ಕಿಗೆ ಹಾಸಿ, ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಿದ ರೆಕ್ಕೆಯ ಮೇಲೆ ದುರಸ್ತಿ ಮಾಡುವವರ ಕೈಯಿಂದ ಒಂದು ಸ್ಪ್ಯಾನರ್ ಬಿದ್ದರೆ ಮೇಲೆ ಗುರುತೂ ಮೂಡದೆ ಒಳಗೆ ಪದರಗಳು ಬಿಡಬಹುದು. ಅದಕ್ಕಾಗಿಯೇ ವಿಮಾನದ ಮೈಯನ್ನು ನಾಣ್ಯದಿಂದಲೋ ಪುಟ್ಟ ಸುತ್ತಿಗೆಯಿಂದಲೋ ತಟ್ಟಿ ಕೇಳುವ ಪರೀಕ್ಷೆ ಇವತ್ತಿಗೂ ಚಾಲ್ತಿಯಲ್ಲಿದೆ. ನಮ್ಮ ಶಿಲ್ಪಶಾಸ್ತ್ರಗಳೂ ಕಲ್ಲನ್ನು ತಟ್ಟಿ, ಅದರ ನಾದದಿಂದ ಜಾತಿ ಗುರುತಿಸಿ ಆರಿಸಿಕೊಳ್ಳಬೇಕು ಎನ್ನುತ್ತವೆ. ಪದರ ಬಿಟ್ಟಲ್ಲಿ ನಾದ ಡಬ್ಬಾಗುತ್ತದೆ ಎಂಬ ಭೌತಶಾಸ್ತ್ರ ಎರಡೂ ಕಡೆ ಒಂದೇ.

ದಿಕ್ಕಿನ ಮಾತನ್ನು ಇನ್ನೂ ಚೆನ್ನಾಗಿ ತಿಳಿಯಬೇಕಾದರೆ ಇಳಕಲ್ಲಿನ ಮಗ್ಗಕ್ಕೆ ಬರಬೇಕು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಿದ್ದರೂ ಸೆರಗು ರೇಷ್ಮೆಯದು. ಎರಡೂ ಹಾಸಿನ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಒಂದೊಂದಾಗಿ ಜೋಡಿಸಿದ ಮೇಲೆಯೇ ಟೋಪ್ ತೆನಿ ಸೆರಗು ನೇಯಲು ಸಾಧ್ಯ. ಹೀಗೆ ನೇಯ್ದ ಬಟ್ಟೆಯನ್ನು ಹಾಸಿನ ದಿಕ್ಕಿಗೆ ಎಳೆದರೆ ಒಂದು ಬಲ, ಹೊಕ್ಕಿನ ದಿಕ್ಕಿಗೆ ಇನ್ನೊಂದು, ಓರೆಯಾಗಿ ಎಳೆದರೆ ಬಟ್ಟೆ ಸುಮ್ಮನೆ ಜೋಲುತ್ತದೆ. ಇನ್ನು ಎರಡು ಬಗೆಯ ನೂಲು ಸೇರುವ ಆ ಸಂಧಿಯ ಲೆಕ್ಕವೇ ಬೇರೆ, ಏಕೆಂದರೆ ಹತ್ತಿಯೂ ರೇಷ್ಮೆಯೂ ಒಂದೇ ಎಳೆತಕ್ಕೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಹಾಗಾದರೆ ಸೀರೆಯ ಬಲ ಎಷ್ಟು ಎಂಬ ಪ್ರಶ್ನೆಗೆ ಒಂದು ಅಂಕಿಯ ಉತ್ತರ ಕೊಡುವುದು ಹೇಗೆ? ಕಾರ್ಬನ್ ಎಳೆಯನ್ನೂ ಅನೇಕ ಕಡೆ ಹೀಗೆಯೇ ಹಾಸುಹೊಕ್ಕಾಗಿ ನೇಯ್ದು ರಾಳದಲ್ಲಿ ಅದ್ದುತ್ತಾರೆ. ಅಲ್ಲಿ ಒಂದು ಎಳೆ ತುಂಡಾದರೆ ಅದರ ಭಾರವನ್ನು ಸುತ್ತಲಿನ ರಾಳ ಪಕ್ಕದ ಎಳೆಗಳಿಗೆ ಹಂಚುತ್ತದೆ. ಅದಕ್ಕೇ ಸಂಯುಕ್ತ ವಸ್ತು ಗಾಜಿನ ಹಾಗೆ ಒಮ್ಮೆಲೇ ಚೂರಾಗುವುದು ಅಪರೂಪ. ಮೊದಲು ರಾಳದಲ್ಲಿ ಕಣ್ಣಿಗೆ ಕಾಣದ ಬಿರುಕು, ಆಮೇಲೆ ಪದರದ ಬಿಡುವಿಕೆ, ಆಮೇಲೆ ಅಲ್ಲಲ್ಲಿ ಎಳೆ ತುಂಡಾಗುವುದು, ಕೊನೆಗೆ ಮುರಿತ. ನಡುವೆ ಸಮಯ ಇರುತ್ತದೆ. ಮುನ್ಸೂಚನೆಯ ಆಸೆಯೆಲ್ಲ ಆ ನಡುವಿನ ಸಮಯದಲ್ಲಿದೆ.

ಆದರೂ ಒಂದು ಸಮರ್ಥ ಸಿದ್ಧಾಂತ, ಒಂದು ಒಳ್ಳೆಯ ಕಂಪ್ಯೂಟರ್ ಇದ್ದರೆ ಕೂತಲ್ಲೇ ಮುರಿತವನ್ನು ಹೇಳಬಹುದಲ್ಲ ಎಂಬ ಆಕ್ಷೇಪ ಸಹಜ. ಇದನ್ನು ಜಗತ್ತಿನ ತಜ್ಞರು ತಾವೇ ಒರೆಗೆ ಹಚ್ಚಿ ನೋಡಿದ್ದಾರೆ. ಬ್ರಿಟನ್ನಿನ ಹಿಂಟನ್, ಕದ್ದೂರ್, ಸೋಡನ್ ಎಂಬ ಮೂವರು 1990ರ ದಶಕದಲ್ಲಿ ಒಂದು ಜಾಗತಿಕ ಪರೀಕ್ಷೆ ಏರ್ಪಡಿಸಿದರು. ಎಳೆ ಯಾವುದು, ರಾಳ ಯಾವುದು, ಪದರಗಳ ದಿಕ್ಕು ಯಾವುದು ಎಂಬ ವಿವರವನ್ನೆಲ್ಲ ಸಿದ್ಧಾಂತಕಾರರಿಗೆ ಕೊಟ್ಟು, ಪ್ರಯೋಗದ ಫಲಿತಾಂಶ ಮಾತ್ರ ಮುಚ್ಚಿಟ್ಟು, ಹದಿನಾಲ್ಕು ಸಂದರ್ಭಗಳಲ್ಲಿ ಎಲ್ಲಿ ಮುರಿಯುತ್ತದೆ ಹೇಳಿ ಎಂದರು. ಹತ್ತೊಂಬತ್ತು ಸಿದ್ಧಾಂತಗಳು ಸ್ಪರ್ಧೆಗೆ ಬಂದವು. ಎಲ್ಲವೂ ಪ್ರಕಟವಾಗಿ, ಚರ್ಚೆ ಮುಗಿದು 2004ರಲ್ಲಿ ಗ್ರಂಥವಾಗುವ ಹೊತ್ತಿಗೆ ತಿಳಿದದ್ದು ಇದು: ಅತ್ಯುತ್ತಮ ಎನಿಸಿದ ಸಿದ್ಧಾಂತಗಳು ಕೂಡ ಪ್ರಯೋಗದ ಉತ್ತರಕ್ಕೆ ಶೇಕಡ 10ರ ಹತ್ತಿರ ಬಂದದ್ದು ಅರ್ಧಕ್ಕಿಂತ ಕಡಿಮೆ ಸಲ. ಅದೂ ಕಾರ್ಖಾನೆಯಲ್ಲಿ ಹೊಸದಾಗಿ, ಅಳತೆ ಮಾಡಿ ತಯಾರಿಸಿದ ವಸ್ತುವಿನ ವಿಷಯದಲ್ಲಿ. ಇದು ಆ ವಿದ್ವಾಂಸರ ಸೋಲು ಎಂದು ನಾನು ತಿಳಿಯುವುದಿಲ್ಲ. ತಮ್ಮ ಸಿದ್ಧಾಂತಗಳ ಎಲ್ಲೆಯನ್ನು ತಾವೇ ಸಾರ್ವಜನಿಕವಾಗಿ ಅಳೆದುಕೊಂಡ ಇಂಥ ಪ್ರಾಮಾಣಿಕತೆ ವಿಜ್ಞಾನದಲ್ಲೂ ಅಪರೂಪ. ಆದರೆ ನಿಸರ್ಗ ತನ್ನಿಚ್ಛೆಯಂತೆ ಹಾಸಿದ, ಹದಿನಾಲ್ಕು ಶತಮಾನ ಬಿಸಿಲು ಮಳೆ ಕಂಡ ಕಲ್ಲಿಗೆ ಕಂಪ್ಯೂಟರಿನ ಒಂದು ಅಂಕಿಯನ್ನು ನಂಬಿ ಕೂರುವುದು ಎಷ್ಟು ಸರಿ?

ಎರಡನೆಯ ಆಕ್ಷೇಪ ಎಂಜಿನಿಯರುಗಳದ್ದು. ನಿಖರವಾಗಿ ಹೇಳಲಾಗದಿದ್ದರೇನಂತೆ, ಬೇಕಾದ್ದಕ್ಕಿಂತ ಹೆಚ್ಚು ಬಲವಾಗಿ ಕಟ್ಟಿದರಾಯಿತು ಎನ್ನುತ್ತಾರೆ ಅವರು. ಈ ಮಾತಿಗೆ ತೂಕವಿದೆ, ಪುರಾವೆಯೂ ಇದೆ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ 587ನೇ ವಿಮಾನದ ಸಂಯುಕ್ತ ವಸ್ತುವಿನ ಬಾಲ ಗಾಳಿಯಲ್ಲೇ ಕಳಚಿ 265 ಜನ ಸತ್ತರು. ತನಿಖೆಯಾದಾಗ, ಬಾಲದ ಬುಡ ಮುರಿದದ್ದು ಸೇವೆಯಲ್ಲಿ ಬರಬಹುದಾದ ಗರಿಷ್ಠ ಭಾರದ ಸುಮಾರು ಎರಡು ಪಟ್ಟು ಭಾರ ಬಿದ್ದ ಮೇಲೆ ಎಂದು ತಿಳಿಯಿತು. ನಿಯಮ ಕೇಳಿದ್ದು ಒಂದೂವರೆ ಪಟ್ಟನ್ನು ಮಾತ್ರ. ದಿಕ್ಕು ತಿರುಗಿಸುವ ಪಟ್ಟಿಯನ್ನು ಎಡಕ್ಕೂ ಬಲಕ್ಕೂ ಮಿತಿಮೀರಿ ಆಡಿಸಿದ್ದು ಅಷ್ಟು ಭಾರಕ್ಕೆ ಕಾರಣವಾಗಿತ್ತು. ವಸ್ತು ತನ್ನ ಮಾತಿಗಿಂತ ಹೆಚ್ಚೇ ನಡೆದುಕೊಂಡಿತ್ತು. ಚಿಕ್ಕ ತುಂಡಿನಿಂದ ಹಿಡಿದು ಇಡೀ ಬಾಲದವರೆಗೆ ಹಂತಹಂತವಾಗಿ ಪರೀಕ್ಷಿಸಿ ಕಟ್ಟಿದಲ್ಲಿ ಇಂಥ ಭರವಸೆ ಸಾಧ್ಯ. ಆದರೆ ಕಟ್ಟಿ ಮುಗಿದ ಗುಹೆಗೆ, ಗುಡಿಗೆ, ಗುಡ್ಡಕ್ಕೆ ಹೊಸದಾಗಿ ದಪ್ಪ ಕೊಡಲು ಬರುವುದಿಲ್ಲ. ದಪ್ಪ ಕೊಟ್ಟರೂ ಪದರ ಬಿಡುವುದನ್ನು ಅದು ತಡೆಯುವುದಿಲ್ಲ.

ಮೂರನೆಯ ಆಕ್ಷೇಪ ನಮ್ಮೂರಿನದು, ಅದನ್ನೇ ಹೆಚ್ಚು ಕೇಳುತ್ತೇವೆ. ಇಷ್ಟು ಶತಮಾನ ನಿಂತದ್ದು ಈಗ ಬೀಳುತ್ತದೆಯೇ ಎಂದು. ಬಿದ್ದುಹೋದ ಗುಡಿಗಳು ಎಣಿಕೆಗೆ ಸಿಗುವುದಿಲ್ಲ, ನಿಂತವು ಮಾತ್ರ ಕಾಣುತ್ತವೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಕಲ್ಲಿನೊಳಗೇ ಇದೆ. ಭಾರ ಹೆಚ್ಚದಿದ್ದರೂ ಬಿರುಕು ಬೆಳೆಯುತ್ತದೆ. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕ ಸಿಲಿಕಾದ ಬಂಧವನ್ನು ನೀರಿನ ಅಣು ಬಿಡಿಸಬಲ್ಲದು. ಗಾಜಿನಲ್ಲಿ ಚೆನ್ನಾಗಿ ಅಧ್ಯಯನವಾದ ಈ ಕ್ರಿಯೆ ಬೆಣಚುಕಲ್ಲಿನಲ್ಲೂ ನಡೆಯುತ್ತದೆ. ವೇಗ ಕಣ್ಣಿಗೆ ಕಾಣದಷ್ಟು ನಿಧಾನ, ಆದರೆ ಬಿರುಕು ಉದ್ದವಾದಂತೆ ವೇಗವೂ ಏರುತ್ತದೆ. ಹಾಗಾಗಿ ಸಾವಿರ ವರ್ಷ ಏನೂ ಆಗದೆ ಕೊನೆಯ ಕೆಲವು ವರ್ಷಗಳಲ್ಲಿ ಎಲ್ಲವೂ ಆಗಬಹುದು. ಹಗಲು ನಲವತ್ತು ಡಿಗ್ರಿ ದಾಟುವ ಬಾಗಲಕೋಟೆಯ ಬೇಸಿಗೆ, ರಾತ್ರಿಯ ತಂಪು ಇದಕ್ಕೆ ಜೊತೆಗೂಡುತ್ತವೆ. ಇಳಕಲ್ ಗ್ರಾನೈಟಿನಲ್ಲಿ ಬೆಣಚು ಬಿಸಿಗೆ ಹಿಗ್ಗಿದಷ್ಟು ಪಕ್ಕದ ಫೆಲ್ಡ್‌ಸ್ಪಾರ್ ಹಿಗ್ಗುವುದಿಲ್ಲ. ಎರಡರ ಗಡಿಯಲ್ಲಿ ದಿನದಿನವೂ ಜಗ್ಗಾಟ. ಮರಳುಗಲ್ಲಿನ ಪದರದಲ್ಲಿ ಜೇಡಿ ಇದ್ದರೆ ಅದು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ನುಗ್ಗಿತು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಗುಡಿಗಳವು. ನೀರು ಇಳಿಯಿತು, ಕೆಸರು ತೆಗೆದರು, ಪ್ರವಾಸಿಗರು ಮತ್ತೆ ಬಂದರು. ನೆನೆದ ಮರಳುಗಲ್ಲಿಗೆ ಒಣಗಿದ್ದಾಗಿನ ಬಲ ಇರುವುದಿಲ್ಲ ಎಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ದೃಢವಾದ ಸಂಗತಿ. ಹಾಗಿರುವಾಗ ನಿಂತ ವರ್ಷಗಳ ಲೆಕ್ಕ ಹೇಳುವುದು ಇಂದಿನ ಸ್ಥಿತಿಗೆ ಉತ್ತರವಾಗುವುದಿಲ್ಲ.

ಹಾಗಾದರೆ ಉತ್ತರ ಎಲ್ಲಿ ಸಿಗುತ್ತದೆ? ವಸ್ತುವಿನ ಸದ್ದಿನಲ್ಲಿ, ಅದರ ಚಲನೆಯಲ್ಲಿ. 1950ರಲ್ಲಿ ಜರ್ಮನಿಯ ಯೋಸೆಫ್ ಕೈಸರ್ ಒಂದು ವಿಚಿತ್ರ ಗುಣವನ್ನು ದಾಖಲಿಸಿದರು. ಭಾರ ಹೇರಿದಾಗ ವಸ್ತುವಿನೊಳಗಿನ ಸೂಕ್ಷ್ಮ ಬಿರುಕುಗಳು ನಮ್ಮ ಕಿವಿಗೆ ನಿಲುಕದ ಸದ್ದು ಮಾಡುತ್ತವೆ. ಭಾರ ಇಳಿಸಿ ಮತ್ತೆ ಹೇರಿದರೆ ಹಿಂದಿನ ಗರಿಷ್ಠ ಭಾರ ಮುಟ್ಟುವವರೆಗೆ ವಸ್ತು ಮೌನವಾಗಿರುತ್ತದೆ. ತಾನು ಹೊತ್ತದ್ದನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಯಾವಾಗ ಹಿಂದಿನ ಭಾರಕ್ಕಿಂತ ಕಡಿಮೆ ಭಾರಕ್ಕೇ ಸದ್ದು ಶುರುವಾಗುತ್ತದೆಯೋ ಆಗ ಒಳಗೆ ಗಾಯ ಬೆಳೆದಿದೆ ಎಂದರ್ಥ. ಗಾಜಿನ ಎಳೆಯ ಟ್ಯಾಂಕುಗಳ ಪರೀಕ್ಷೆಯಲ್ಲಿ ಈ ಸೂತ್ರ ಈಗ ನಿತ್ಯದ ಬಳಕೆಯಲ್ಲಿದೆ. ಗಮನಿಸಿ, ಇಲ್ಲಿ ಬಲದ ಅಂಕಿ ಯಾರೂ ಕೇಳುವುದಿಲ್ಲ; ನಿನ್ನೆಗೂ ಇವತ್ತಿಗೂ ಆದ ವ್ಯತ್ಯಾಸ ಕೇಳುತ್ತಾರೆ. ನಮ್ಮ ನಾಡಿನಲ್ಲೇ ಇದರ ದೊಡ್ಡ ಪ್ರಯೋಗ ನಡೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಗಳು ಸಿಡಿದು ಕಾರ್ಮಿಕರ ಜೀವ ತೆಗೆಯುತ್ತಿದ್ದವು. ಭಾಭಾ ಅಣುಸಂಶೋಧನಾ ಕೇಂದ್ರದ ನೆರವಿನಿಂದ 1978ರಲ್ಲಿ ಅಲ್ಲಿ ಸೂಕ್ಷ್ಮ ಕಂಪನ ಹಿಡಿಯುವ ಜಾಲ ಹಾಕಿದರು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಅದೇ ಕೆ.ಜಿ.ಎಫ್.ನಲ್ಲಿ. ಬಂಡೆ ಸಿಡಿಯುವ ದಿನ, ಗಂಟೆ ಹೇಳಲು ಜಾಲಕ್ಕೆ ಸಾಧ್ಯವಿರಲಿಲ್ಲ. ಕಂಪನಗಳು ಎಲ್ಲಿ ಗುಂಪುಗೂಡುತ್ತಿವೆ ಎಂದು ತೋರಿಸಲು ಸಾಧ್ಯವಿತ್ತು, ಕೆಲಸಗಾರರನ್ನು ಎಲ್ಲಿಗೆ ಕಳಿಸಬಾರದು ಎಂದು ತೀರ್ಮಾನಿಸುವವರಿಗೆ ಅದು ಬಹಳ ದೊಡ್ಡ ಮಾತು.

ಉಪಕರಣ ಇದ್ದರೆ ಸಾಕೇ ಎಂದರೆ, ಸಾಲದು. ಟೈಟಾನಿಕ್ ನೋಡಲು ಹೋದ ಟೈಟನ್ ಎಂಬ ಜಲಾಂತರ್ನೌಕೆ 2023ರ ಜೂನ್ 18ರಂದು ಕುಸಿದು ಐವರು ಸತ್ತರು. ಅದರ ಕಾರ್ಬನ್ ಎಳೆಯ ಒಡಲನ್ನು ಐದು ಪದರಗಳಾಗಿ ಸುತ್ತಿ ಒಂದಕ್ಕೊಂದು ಅಂಟಿಸಿದ್ದರು. ಸದ್ದು ಕೇಳುವ, ಹಿಗ್ಗು-ಕುಗ್ಗು ಅಳೆಯುವ ಸಂವೇದಕಗಳೂ ಅದರಲ್ಲಿದ್ದವು. 2022ರ ಜುಲೈ 15ರ ಮುಳುಗಿನಿಂದ ಮೇಲೆ ಬಂದಾಗ ದೊಡ್ಡದೊಂದು ಸದ್ದು ಕೇಳಿಸಿತ್ತು. ಅದರ ನಂತರದ ಮುಳುಗುಗಳಲ್ಲಿ ಒಡಲು ಭಾರಕ್ಕೆ ಸ್ಪಂದಿಸುವ ರೀತಿಯೇ ಬದಲಾಗಿತ್ತು. ಅಮೆರಿಕದ ತನಿಖೆಗಳು ಆ ಸದ್ದನ್ನು ಪದರ ಬಿಟ್ಟದ್ದರ ಗುರುತು ಎಂದು ಓದಿವೆ. ಸಂವೇದಕ ತನ್ನ ಕೆಲಸ ಮಾಡಿತ್ತು, ದಾಖಲೆ ಕೂಡ ಇತ್ತು, ಹಿಂದಿನ ಮುಳುಗಿನೊಂದಿಗೆ ಇಂದಿನದನ್ನು ಇಟ್ಟು ನೋಡಿ ಇನ್ನು ಇಳಿಯಬಾರದು ಎನ್ನುವ ನಿರ್ಧಾರ ಮಾತ್ರ ಆಗಲಿಲ್ಲ. ದಾಖಲೆ ಇಡುವುದು, ಅದನ್ನು ಓದುವುದು, ಓದಿ ನಿರ್ಧರಿಸುವುದು ಮೂರೂ ಒಂದೇ ಕೆಲಸದ ಭಾಗಗಳು. ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ವ್ಯರ್ಥ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಬೇಕಾದವರು ಎಲ್ಲರೂ ಇದ್ದಾರೆ. ಸ್ಮಾರಕಗಳ ಹೊಣೆ ಹೊತ್ತ ಪುರಾತತ್ವ ಸರ್ವೇಕ್ಷಣ ಇಲಾಖೆ ಇದೆ. 1963ರಿಂದ ಎಂಜಿನಿಯರುಗಳನ್ನು ತಯಾರಿಸುತ್ತಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲೇ ಇದೆ. ಕಲ್ಲಿನ ಓಟ ಬಲ್ಲ ಕೈಗಳು ಇಳಕಲ್ಲಿನಲ್ಲಿವೆ. ಅವರ ಕಣ್ಣು, ಕಿವಿಗಳನ್ನು ಪದವಿ ಪಡೆದವರು ಕಡೆಗಣಿಸಬಾರದು. ಸಿದ್ಧತೆಗೆ ಹೆಚ್ಚು ಹಣವೂ ಬೇಡ. ಗುಹೆಯ ಚಾವಣಿಯ, ಐಹೊಳೆಯ ತೊಲೆಗಳ, ಬಾದಾಮಿ ಊರಿನ ಮೇಲೆ ಚಾಚಿದ ಬಂಡೆಗಳ ಪ್ರತಿಯೊಂದು ಬಿರುಕಿಗೂ ಒಂದು ಸಂಖ್ಯೆ. ನಿಗದಿ ಮಾಡಿದ ಜಾಗದಿಂದ, ಅಳತೆಪಟ್ಟಿ ಇಟ್ಟು ತೆಗೆದ ಛಾಯಾಚಿತ್ರ. ಬೇಸಿಗೆಯ ಕೊನೆಗೊಮ್ಮೆ, ಮಳೆಯ ಕೊನೆಗೊಮ್ಮೆ ಅದೇ ಜಾಗದಿಂದ ಅದೇ ಚಿತ್ರ. ಇಲಾಖೆಯ ಅನುಮತಿಯಿದ್ದಲ್ಲಿ ಬಿರುಕಿನ ಎರಡೂ ದಡಕ್ಕೆ ಅಡ್ಡಲಾಗಿ ತೆಳುಗಾಜಿನ ಪಟ್ಟಿ ಕೂರಿಸಬಹುದು. ಬಿರುಕು ಕೊಂಚ ಸರಿದರೂ ಗಾಜು ಒಡೆದು ಸಾಕ್ಷಿ ಹೇಳುತ್ತದೆ. ಸದ್ದು ಹಿಡಿಯುವ ಸಂವೇದಕಗಳನ್ನು ಎಲ್ಲೆಡೆ ಹಾಕಬೇಕಿಲ್ಲ, ಬೆಳೆಯುತ್ತಿದೆ ಎಂದು ಖಚಿತವಾದ ಕೆಲವೇ ಬಿರುಕುಗಳಿಗೆ ಸಾಕು. ಪ್ರವಾಸಿಗರು ಸ್ಮಾರಕದ ಮೇಲೆ ಏನನ್ನೂ ಅಂಟಿಸಬಾರದು, ಕೊರೆಯಬಾರದು. ಆದರೆ ಹಳೆಯ ಪ್ರವಾಸದ ಫೋಟೋಗಳು ನೂರಾರು ಮನೆಗಳ ಆಲ್ಬಮ್ಮಿನಲ್ಲಿವೆ; ಮೂವತ್ತು ವರ್ಷದ ಹಿಂದೆ ಆ ಚಾವಣಿಯಲ್ಲಿ ಗೆರೆ ಇತ್ತೋ ಇಲ್ಲವೋ ಎಂದು ಅವು ಹೇಳಬಲ್ಲವು. ಅಂಥ ಚಿತ್ರ ಇದ್ದವರು ತೇದಿ ಬರೆದು ಒಂದು ಪ್ರತಿಯನ್ನು ಕಾಲೇಜಿಗೋ ಇಲಾಖೆಗೋ ಕೊಡಲಿ. ಕಾಲೇಜಿನ ಸಿವಿಲ್ ವಿಭಾಗಗಳು ಪ್ರತಿ ವರ್ಷದ ವಿದ್ಯಾರ್ಥಿ ತಂಡಕ್ಕೆ ಇದನ್ನು ಪ್ರಾಜೆಕ್ಟ್ ಆಗಿ ಒಪ್ಪಿಸಲಿ, ಹಿಂದಿನ ತಂಡ ಬರೆದ ವಹಿಯಲ್ಲೇ ಮುಂದಿನ ತಂಡ ಬರೆಯಲಿ. ಮೊದಲ ಅಳ‌ತೆ ಬರುವ ಮಳೆಗಾಲಕ್ಕೆ ಮುಂಚೆ ಆಗಬೇಕು.